ಅಕ್ಕನ ಮಗಳು ಹೆಂಡತಿ ಎಂಬುದಕ್ಕೆ ಪುರಾವೆ

ಗೋಕಾಕದ ತಹಶೀಲ್ದಾರ ಕಚೇರಿಯ ಎದುರಿಗೆ ಮೇಜು ಹಾಕಿಕೊಂಡು ಇಪ್ಪತ್ತೆರಡು ವರ್ಷದಿಂದ ಅರ್ಜಿ ಬರೆಯುತ್ತಿದ್ದೇನೆ. ಮೊದಲು ಟೈಪ್‌ರೈಟರ್ ಕುಟ್ಟುತ್ತಿದ್ದೆ, ಈಗ ಕಂಪ್ಯೂಟರ್ ಕುಟ್ಟುತ್ತೇನೆ. ವಾರಸಾ ಅರ್ಜಿ, ಜಾತಿ ದಾಖಲೆಯ ಅರ್ಜಿ, ವಿಧವಾ ಪಗಾರದ ಅರ್ಜಿ, ಸಾಲೆಯಲ್ಲಿ ತಪ್ಪು ಬಿದ್ದ ಹೆಸರನ್ನು ತಿದ್ದಿಸುವ ಅಫಿಡವಿಟ್. ಜನ ನನ್ನನ್ನು ರೈಟರ್ ಸಾಹೇಬ್ರು ಎನ್ನುತ್ತಾರೆ. ನಾನು ಬರೆದ ಅರ್ಜಿ ತಿರುಗಿ ಬರುವುದಿಲ್ಲ ಎಂದು ಊರಲ್ಲಿ ಮಾತಿದೆ. ಅದನ್ನು ಕೇಳಿ ಕೇಳಿ ನನಗೂ ಸೊಕ್ಕು ಬಂದಿತ್ತು. ಎದುರಿಗೆ ಕೂತವರು ಏನಾದರೂ ಮುಚ್ಚಿಡಲು ನೋಡಿದರೆ ಗದರಿಬಿಡುತ್ತಿದ್ದೆ. ಫಾರ್ಮು ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ಬರೆಸಬೇಕು, ಬೇಡಿದ್ದಕ್ಕಿಂತ ಒಂದು ಕಾಗದ ಹೆಚ್ಚೇ ಲಗತ್ತಿಸಬೇಕು. ಇದು ನನ್ನ ಪದ್ಧತಿ. ಈ ಹಾಳಾದ ಪದ್ಧತಿಯೇ ನನ್ನ ಸಂಸಾರಕ್ಕೆ ಮುಳುವಾಯಿತು, ಅದಕ್ಕೆ ನಾನು ಬೇರೆ ಯಾರನ್ನೂ ಬೈಯುವ ಹಾಗಿಲ್ಲ.

ನನ್ನ ಹೆಂಡತಿ ನನ್ನ ಅಕ್ಕನ ಮಗಳು. ಇದನ್ನು ಬೇರೆ ಕಡೆಯವರಿಗೆ ಬಿಡಿಸಿ ಹೇಳಬೇಕಾಗುತ್ತದೆ, ನಮ್ಮ ಕಡೆ ಹೇಳುವ ಸಂಗತಿಯೇ ಅಲ್ಲ. ಅಕ್ಕ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಅವ್ವನಿಗೆ ಯಾವಾಗಲೂ ಮೈಯಲ್ಲಿ ನೆಟ್ಟಗಿರುತ್ತಿರಲಿಲ್ಲ, ಹೀಗಾಗಿ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಮೂಡಲಗಿಗೆ ಅವಳನ್ನು ಕೊಟ್ಟಿತ್ತು. ಅವಳಿಗೆ ಹೆಣ್ಣು ಹುಟ್ಟಿ ತೊಟ್ಟಿಲಿಗೆ ಹಾಕುವ ದಿನ ಹಿರಿಯರೆಲ್ಲ ಕೂಡಿ, ಇವಳು ತಮ್ಮನಿಗೇ ಎಂದು ಮಾತಾಡಿ ಮುಗಿಸಿದ್ದರು. ಆಗ ನನಗೆ ಒಂಬತ್ತು ವರ್ಷ, ಆ ದಿನದ ಸಜ್ಜಕದ ರುಚಿ ಬಿಟ್ಟರೆ ಬೇರೇನೂ ನೆನಪಿಲ್ಲ. ಅಕ್ಕನ ಮಗಳನ್ನು ಮಾಡಿಕೊಂಡರೆ ಯಾಕೆ ಎಂದು ಯಾರೂ ಕೇಳುವುದಿಲ್ಲ, ಬಿಟ್ಟರೆ ಯಾಕೆ ಬಿಟ್ಟ ಎಂದು ಊರೆಲ್ಲ ಕೇಳುತ್ತದೆ. ಮಾತು ಕಲಿತಾಗಿನಿಂದ ಅವಳು ನನ್ನನ್ನು ಮಾಮಾ ಎಂದೇ ಕರೆದವಳು. ಲಗ್ನವಾದ ಮೇಲೂ ಮಾಮಾ ಎಂದೇ ಕರೆದಳು, ನಾಲ್ಕು ಜನರೆದುರು ಮಾತ್ರ ಹಿಂದೊಂದು ರಿ ಹಚ್ಚುತ್ತಿದ್ದಳು.

ನಮ್ಮ ಅಪ್ಪನ ಊರು ಹುಕ್ಕೇರಿ ತಾಲೂಕಿನಲ್ಲಿ, ಹಿಡಕಲ್ ಡ್ಯಾಮಿನ ಹಿನ್ನೀರಿನ ದಂಡೆಗೆ. ಲಗ್ನವಾದದ್ದು ಅಲ್ಲಿ, ನೋಂದಣಿಯಾದದ್ದು ಹುಕ್ಕೇರಿಯಲ್ಲಿ. ರಿಜಿಸ್ಟರ್ ಬರೆಯುತ್ತಿದ್ದ ಗುಮಾಸ್ತ ಇಬ್ಬರ ಕಾಗದ ನೋಡಿ, ಅಕ್ಕನ ಮಗಳೇನ್ರಿ, ಚಲೋ ಆತ್ ಬಿಡ್ರಿ, ಮನಿ ಹುಡುಗಿ ಮನ್ಯಾಗ ಉಳೀತು ಎಂದ. ಅದೊಂದೇ ಮಾತು. ಸರಕಾರ ನಮ್ಮ ಸಂಬಂಧದ ಬಗ್ಗೆ ಆಡಿದ ಒಳ್ಳೆಯ ಮಾತು ಅದೇ ಮೊದಲು, ಅದೇ ಕೊನೆ.

ಅವಳು ಬೆಳಗಾವಿಯಲ್ಲಿ ನರ್ಸಿಂಗ್ ಓದಿದವಳು. ಗೋಕಾಕದ ಒಂದು ಖಾಸಗಿ ದವಾಖಾನೆಯಲ್ಲಿ ಹತ್ತು ವರ್ಷ ದುಡಿದಳು. ಜೊತೆಯ ಕೇರಳದ ಹುಡುಗಿಯರು ಒಬ್ಬೊಬ್ಬರಾಗಿ ಹೊರದೇಶಕ್ಕೆ ಹೋಗುವುದನ್ನು ನೋಡಿ ತಾನೂ ಇಂಗ್ಲಿಷ್ ಪರೀಕ್ಷೆಗೆ ಕೂತಳು. ಒಂದು ಸಲ ಬಿದ್ದಳು, ಎರಡನೇ ಸಲ ಪಾಸಾದಳು. ಆ ದೇಶದ ಹೆಸರು ಇಲ್ಲಿ ಬರೆಯುವುದಿಲ್ಲ, ಅವಳ ಕಾಗದಗಳು ಇನ್ನೂ ಅಲ್ಲಿಯ ಅಧಿಕಾರಿಗಳ ಕೈಯಲ್ಲಿವೆ. ಮೊದಲು ಅವಳೊಬ್ಬಳೇ ಹೋಗುವುದು, ಎರಡು ವರ್ಷ ಬಿಟ್ಟು ನಾನು ಮಗಳನ್ನು ಕರೆದುಕೊಂಡು ಹೋಗಿ ಸೇರುವುದು ಎಂದು ಮಾತಾಗಿತ್ತು. ಮಗಳಿಗೆ ಆಗ ಎಂಟು ವರ್ಷ. ಅವಳ ಅವ್ವ ವಿಮಾನ ಹತ್ತಿದ ದಿನದಿಂದ ಕ್ಯಾಲೆಂಡರಿನ ಮೇಲೆ ಗೆರೆ ಎಳೆಯಲು ಶುರು ಮಾಡಿದಳು. ನನಗೇನು ಆ ದೇಶ ನೋಡುವ ಹುಚ್ಚಿರಲಿಲ್ಲ. ಅಲ್ಲಿ ಕನ್ನಡದಲ್ಲಿ ಅರ್ಜಿ ಬರೆಸುವವರು ಯಾರಿದ್ದಾರೆ? ಮೂರೂ ಮಂದಿ ಒಂದು ಸೂರಿನ ಕೆಳಗೆ ಇರಬೇಕು, ಅಷ್ಟೇ ಆಸೆ. ಬೇಕಾದರೆ ಅಲ್ಲಿ ಪಾತ್ರೆ ತೊಳೆದೇನು ಎಂದು ತಯಾರಾಗಿದ್ದೆ.

ಎರಡು ವರ್ಷ ತುಂಬಿತು. ಒಂದು ರವಿವಾರ ಮಧ್ಯಾಹ್ನ ಅವಳು ಫೋನಿನಲ್ಲಿ ಫಾರ್ಮು ಓದುತ್ತ ಹೋದಳು, ನಾನು ಇಲ್ಲಿಂದ ಉತ್ತರ ಹೇಳುತ್ತ ಹೋದೆ. ಪರದೇಶದ ಫಾರ್ಮಾದರೇನು, ಫಾರ್ಮು ಫಾರ್ಮೇ ಅಲ್ಲವೇ? ನಾನು ಗೆಲುವಿನಲ್ಲಿದ್ದೆ. ನಡುವೆ ಒಂದು ಪ್ರಶ್ನೆಗೆ ಬಂದು ಅವಳು ತಡೆದಳು. ಲಗ್ನದ ಸಂಬಂಧ ಬಿಟ್ಟು ನಿಮ್ಮಿಬ್ಬರಲ್ಲಿ ಬೇರೆ ಏನಾದರೂ ಸಂಬಂಧವಿದೆಯೇ ಎಂದು ಕೇಳಿತ್ತು.

"ಇದಕ್ಕ ಏನ್ ಬರೀಲಿ ಮಾಮಾ?" ಎಂದಳು.

"ಏನ್ ಬರೀತಿ ಅಂದ್ರ? ಐತಿ ಅಂತ ಬರಿ. ಗಂಡ ನಮ್ಮವ್ವನ ತಮ್ಮ ಅಂತ ಬರಿ."

"ಇಲ್ಲಿ ಮಂದಿ ಇದನ್ನ ಬ್ಯಾರೆ ನಮೂನಿ ನೋಡತಾರ."

"ನೋಡಲಿ. ನಾವೇನ್ ಕಳವು ಮಾಡೇವೇನು?"

ಅವಳು ಬರೆದಳು. ಅಂದು ಅವಳು ತಡೆದ ಆ ಒಂದು ಗಳಿಗೆಯಲ್ಲಿ ನಾನು ಸುಮ್ಮನಿದ್ದಿದ್ದರೆ ಎಂದು ಈಗ ಎಷ್ಟು ಸಲ ಅಂದುಕೊಂಡಿದ್ದೇನೋ ಲೆಕ್ಕವಿಲ್ಲ. ಆದರೆ ಸುಮ್ಮನಿರುವುದು ನನಗೆ ಬಾರದ ವಿದ್ಯೆ.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತೇನೋ. ಲಗ್ನ ಖರೆ ಎಂದು ತೋರಿಸಲು ಫೋಟೋ ಬೇಕು ಎಂದಿತ್ತು. ನಮ್ಮ ಆಲ್ಬಮ್ ಹೊಳೆ ಬಂದ ವರ್ಷವೇ ಹಾಳಾಗಿತ್ತು. ಆ ವರ್ಷ ಘಟಪ್ರಭೆ ನಮ್ಮ ಓಣಿಗೆ ಬಂದು ಎದೆಮಟ್ಟ ನಿಂತಿತ್ತು, ನೀರಿಳಿದ ಮೇಲೆ ಕಪಾಟು ತೆಗೆದರೆ ಲಗ್ನದ ಫೋಟೋಗಳೆಲ್ಲ ಒಂದಕ್ಕೊಂದು ಅಂಟಿ ರೊಟ್ಟಿಯ ಹಿಟ್ಟಿನ ಹಾಗಾಗಿದ್ದವು. ಫೋಟೋ ಇಲ್ಲದಿದ್ದರೆ ಏನಾಯಿತು, ಫೋಟೋಕ್ಕಿಂತ ಗಟ್ಟಿ ಕಾಗದ ಹಚ್ಚುತ್ತೇನೆ ಎಂದು ನಾನು ಹುಕ್ಕೇರಿ ಬಸ್ಸು ಹತ್ತಿದೆ. ಅಪ್ಪನ ಊರಿನ ಲೆಕ್ಕ ಬರೆಯುವ ತಲಾಠಿಯನ್ನು ಹಿಡಿದು ವಂಶಾವಳಿ ಮಾಡಿಸಿದೆ. ನಮ್ಮ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಕಾಗದವಿಲ್ಲ. ಹೊಲ ಹಂಚುವುದಿರಲಿ, ಪಗಾರ ಹಚ್ಚುವುದಿರಲಿ, ವಂಶಾವಳಿ ಇಟ್ಟರೆ ಎಂಥ ಸಾಹೇಬನೂ ಮರುಮಾತಾಡುವುದಿಲ್ಲ. ಮೇಲೆ ಅಪ್ಪ, ಅವನ ಕೆಳಗೆ ಅಕ್ಕ ಮತ್ತು ನಾನು, ಅಕ್ಕನ ಕೆಳಗೆ ಅವಳ ಮಗಳು, ಆ ಮಗಳಿಂದ ನನ್ನ ಕಡೆಗೆ ಒಂದು ಅಡ್ಡಗೆರೆ, ಗೆರೆಯ ಕೆಳಗೆ ನಮ್ಮ ಮಗಳು. ಸ್ಕೇಲು ಹಿಡಿದು ನಾನೇ ಗೆರೆ ಎಳೆದುಕೊಟ್ಟಿದ್ದೆ. ತಲಾಠಿ ಸಹಿ ಹಾಕಿದ, ಮೊಹರು ಬಿತ್ತು. ಇಂಗ್ಲಿಷಿಗೆ ಮಾಡಿಸಿ ನೋಟರಿ ಮಾಡಿಸಿದೆ.

ಆ ಕಾಗದ ಮನೆಯ ಮೇಜಿನ ಮೇಲಿದ್ದಾಗ ಮಗಳು ಬೆರಳಿಟ್ಟು ಗೆರೆಗಳನ್ನು ಹಿಂಬಾಲಿಸಿ, ಅಪ್ಪಾ, ಈ ಕಡಿಯಿಂದ ಬಂದ್ರ ನೀ ನನಗ ಅಪ್ಪ, ಆ ಕಡಿಯಿಂದ ಬಂದ್ರ ನೀ ನನಗ ಅಜ್ಜ ಆಗ್ತಿ ಎಂದಳು. ಅಜ್ಜಾ ಅಜ್ಜಾ ಎಂದು ಎರಡು ದಿನ ಕಾಡಿದಳು. ನಾನೂ ಕೈಯಲ್ಲಿ ಕೋಲು ಹಿಡಿದು ಬೆನ್ನು ಬಾಗಿಸಿ ಮನೆಯೊಳಗೆ ನಡೆದು ತೋರಿಸಿದೆ, ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು.

ಮೂರು ತಿಂಗಳಿಗೆ ಉತ್ತರ ಬಂತು. ನಾಲ್ಕು ಪುಟ. ಹೆಂಡತಿ ತಾಯಿಯ ತಮ್ಮನನ್ನೇ ಮದುವೆಯಾಗಿರುವುದು ಅರ್ಜಿದಾರರ ಸ್ವಂತ ಉತ್ತರದಿಂದಲೂ, ಅವರೇ ಲಗತ್ತಿಸಿದ ವಂಶಾವಳಿಯಿಂದಲೂ ಸ್ಪಷ್ಟವಾಗಿದೆ, ಇದು ನಿಷಿದ್ಧ ರಕ್ತಸಂಬಂಧ, ಇಂಥದ್ದನ್ನು ಮದುವೆ ಎಂದು ಒಪ್ಪಲಾಗದು ಎಂದು ಬರೆದಿದ್ದರು. ಮಗಳದೂ ನನ್ನದೂ ಒಂದೇ ಅರ್ಜಿ, ಹೀಗಾಗಿ ಅವಳದೂ ಬಿದ್ದುಹೋಯಿತು. ಕೆಳಗೆ ಇನ್ನೊಂದು ಮಾತಿತ್ತು. ನಿಮ್ಮ ದೇಶದ ಕಾಯದೆಯೂ ಇದನ್ನು ನಿಷೇಧಿಸುತ್ತದೆ, ನಿಮ್ಮ ಜನರಲ್ಲಿ ಇಂಥ ರೂಢಿ ಇದೆಯೆಂಬುದಕ್ಕೆ ನೀವು ಯಾವ ಪುರಾವೆಯನ್ನೂ ಕೊಟ್ಟಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ದೇಶದ ಕಾಯದೆ ಇವರು ನನಗೆ ಹೇಳಿಕೊಡುತ್ತಾರೆಯೇ ಎಂದು ಆ ಕಾಗದ ಹಿಡಿದು ಕೋರ್ಟಿಗೆ ಹೋದೆ. ದಿನಾ ನನ್ನ ಅಫಿಡವಿಟ್ಟುಗಳಿಗೆ ನೋಟರಿ ಸಹಿ ಹಾಕುವ ವಕೀಲರು ಇದ್ದಾರೆ, ಹಿರಿಯರು, ಮಿತಭಾಷಿ. ಅವರು ಮದುವೆ ಕಾಯದೆಯ ಪುಸ್ತಕ ತೆಗೆದು ನನ್ನ ಮುಂದಿಟ್ಟರು. ನಿಜವಾಗಿಯೂ ಅದರಲ್ಲಿ ಬರೆದಿತ್ತು. ಸೋದರಮಾವ, ಸೋದರ ಸೊಸೆ, ಮದುವೆಯಾಗುವಂತಿಲ್ಲ, ರೂಢಿ ಇದ್ದರೆ ಮಾತ್ರ ಸೈ. ನಲವತ್ತಾರರ ವಯಸ್ಸಿನಲ್ಲಿ, ಇಪ್ಪತ್ತು ವರ್ಷ ಕಚೇರಿಯ ಎದುರು ಕೂತ ಮೇಲೆ, ನನ್ನ ಸಂಸಾರ ‘ಮಾತ್ರ’ ಎಂಬ ಒಂದು ಪದದ ಮೇಲೆ ನಿಂತಿದೆ ಎಂದು ನನಗೆ ಅಂದು ಗೊತ್ತಾಯಿತು. ನಾಚಿಕೆಯಾಯಿತು.

ಆಯಿತು, ರೂಢಿಗೆ ಪುರಾವೆ ತಾನೇ ಎಂದು ತಹಶೀಲ್ದಾರ ಕಚೇರಿಗೆ ಅರ್ಜಿ ಹಾಕಿದೆ. ನಮ್ಮ ಜನರಲ್ಲಿ ಅಕ್ಕನ ಮಗಳನ್ನು ಮದುವೆಯಾಗುವ ರೂಢಿ ಇದೆಯೆಂದು ದೃಢೀಕರಿಸಬೇಕು ಎಂದು ಬರೆದಿದ್ದೆ. ಶಿರಸ್ತೇದಾರರು ಅದನ್ನು ಎರಡು ಸಲ ಓದಿ ನಕ್ಕರು. ಅವರ ಹೆಂಡತಿಯೂ ಅವರ ಅಕ್ಕನ ಮಗಳೇ. ಆದರೂ ಕೊಡಲು ಬರುವುದಿಲ್ಲ ಎಂದರು, ಇದಕ್ಕೆ ಫಾರ್ಮೆಟ್ಟೇ ಇಲ್ಲವಂತೆ. ಫಾರ್ಮೆಟ್ ಇಲ್ಲ ಎಂದು ನಾನೇ ಎಷ್ಟು ಜನರನ್ನು ನನ್ನ ಮೇಜಿನಿಂದ ಎಬ್ಬಿಸಿ ಕಳಿಸಿದ್ದೇನೋ. ಅವರೆಲ್ಲ ಎದ್ದು ಹೋಗುವಾಗ ಹೇಗೆ ಹೋಗುತ್ತಿದ್ದರು ಎಂದು ನಾನು ತಲೆಯೆತ್ತಿ ನೋಡಿರಲಿಲ್ಲ.

ಕೋರ್ಟಿನಿಂದ ಹುಕುಂ ತರಬಹುದೇ ಎಂದು ವಕೀಲರನ್ನು ಕೇಳಿದೆ. ತರಬಹುದು, ಆದರೆ ದಾವೆ ಹೂಡಲು ಎದುರುದಾರರು ಬೇಕು ಎಂದರು. ಯಾರ ಮೇಲೆ ಹೂಡಲಿ? ಹೆಂಡತಿಯ ಮೇಲೆಯೇ ಹೂಡಬೇಕಂತೆ, ಇವಳು ನನ್ನ ಹೆಂಡತಿ ಹೌದು ಎಂದು ಘೋಷಿಸಿರಿ ಅಂತ. ಸಮನ್ಸು ಪರದೇಶಕ್ಕೆ ಹೋಗಿ ತಿರುಗಿ ಬರಬೇಕು, ಅವಳು ಬಂದು ಹೌದು ಎನ್ನಬೇಕು. ಇದೆಲ್ಲ ಮುಗಿಯುವಷ್ಟರಲ್ಲಿ ಮಗಳ ಲಗ್ನದ ವಯಸ್ಸಾಗಿರುತ್ತದೆ ಎಂದು ಅವರೇ ಹೇಳಿ ಪುಸ್ತಕ ಒಳಗಿಟ್ಟರು.

ಉಳಿದದ್ದು ಮೂಡಲಗಿ. ಅಕ್ಕನಿಗೆ ವಿಷಯ ತಿಳಿಸಿದಾಗ ಅವಳು ಮೊದಲು ನಂಬಲೇ ಇಲ್ಲ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೈಯ ಹಿಟ್ಟು ಕೊಡವಿಕೊಂಡು ನನ್ನ ಮುಂದೆ ಬಂದು ಕೂತಳು.

"ಕೊಟ್ಟಾಕಿ ನಾ, ತಮ್ಮಾ. ಹೊರಗ ಕೊಟ್ರ ಯಾರ ಕೈಯಾಗ ಬೀಳತಾಳೋ ಅಂತ ನಿನಗ ಕೊಟ್ಟೆ. ಅವರೇನರೆ ಕೇಳೂದಿದ್ರ ನನ್ನ ಕೇಳಲಿ."

ಅವಳನ್ನು ಯಾರು ಕೇಳುತ್ತಾರೆ? ಆದರೂ ಅವಳು ಸುಮ್ಮನೆ ಕೂರಲಿಲ್ಲ. ಸಂಜೆಗೆ ಓಣಿಯ ಹೆಂಗಸರನ್ನು ಕಟ್ಟೆಗೆ ಕರೆದಳು. ಮಾಮನನ್ನೇ ಮಾಡಿಕೊಂಡವರು ಯಾರ್ಯಾರು ಎಂದರೆ ಒಬ್ಬೊಬ್ಬರಾಗಿ ಕೈಯೆತ್ತಿದರು, ಎತ್ತುತ್ತ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಇದೇನು ಮತದಾನವೇ ಎಂದಳು ಒಬ್ಬ ಮುದುಕಿ. ನಾನು ಒಬ್ಬೊಬ್ಬರದೇ ಹೇಳಿಕೆ ಬರೆದುಕೊಂಡೆ, ಹೆಬ್ಬೆರಳು ಒತ್ತಿಸಿಕೊಂಡೆ. ಬಾಜೂ ಓಣಿಯಲ್ಲಿ ನಿವೃತ್ತ ಹೆಡ್ ಮಾಸ್ತರರಿದ್ದರು. ಅವರ ಸಹಿ ಒಂದಿದ್ದರೆ ತೂಕ ಬರುತ್ತದೆ ಎಂದು ಅವರ ಮನೆಗೆ ಹೋದೆ. ಅವರೂ ಅಕ್ಕನ ಮಗಳನ್ನೇ ಮಾಡಿಕೊಂಡವರು. ಚಹಾ ಕೊಟ್ಟರು, ನನ್ನ ಮಾತೆಲ್ಲ ಕೇಳಿದರು, ಪೆನ್ನನ್ನು ಮಾತ್ರ ಮುಟ್ಟಲಿಲ್ಲ.

"ನನ್ನ ಹೆಸರು ಬ್ಯಾಡ್ರಿ ಅದರಾಗ" ಎಂದರು. "ಮೊಮ್ಮಗಗ ಹೆಣ್ಣು ನೋಡಾಕತ್ತೇವಿ. ಈಗಿನ ಮಂದಿ ರಕ್ತದ್ದು ಏನೇನೋ ಕೇಳತಾರ."

ಅವರ ಹೆಂಡತಿ ಒಳಬಾಗಿಲಲ್ಲಿ ನಿಂತಿದ್ದರು. ಆ ಮಾತು ಕೇಳಿ ಅವರು ಒಳಗೆ ಹೋದದ್ದನ್ನು ನಾನು ನೋಡಿದೆ. ನಮ್ಮ ಜನರ ರೂಢಿ ಎಂದು ನಾನು ಬೆನ್ನು ಹತ್ತಿದ್ದು ನಮ್ಮ ಜನರಿಗೇ ಮುಚ್ಚಿಡುವ ಸಂಗತಿಯಾಗುತ್ತಿದೆ ಎಂದು ಅಲ್ಲಿಂದ ಬರುವಾಗ ಬಸ್ಸಿನಲ್ಲಿ ಅರಿವಾಯಿತು. ಆದರೂ ಹನ್ನೊಂದು ಹೇಳಿಕೆ, ಮೂರು ಊರಿನ ಹಿರಿಯರ ಪತ್ರ, ವಕೀಲರ ಅಭಿಪ್ರಾಯ ಎಲ್ಲ ಕೂಡಿಸಿ ದಪ್ಪ ಕಟ್ಟು ಮಾಡಿ ಕಳಿಸಿದೆ. ಹೆಂಡತಿ ಅಲ್ಲಿ ಒಬ್ಬ ವಕೀಲರನ್ನು ಗೊತ್ತು ಮಾಡಿ ಅವರ ಮೂಲಕ ಹಾಕಿಸಿದಳು.

ಎರಡನೇ ಉತ್ತರ ಒಂದೇ ಪುಟ. ನಿಮ್ಮಲ್ಲಿ ಇಂಥ ರೂಢಿ ಇರುವುದನ್ನು ಗಮನಿಸಿದ್ದೇವೆ, ಅದು ನಿಮ್ಮ ದೇಶದಲ್ಲಿ ಸಾಕಾಗಬಹುದು, ನಮ್ಮ ಕಾಯದೆಗೆ ಸಾಲದು ಎಂದು ಬರೆದಿತ್ತು. ಪುರಾವೆ ಕೊಡಲಿಲ್ಲ ಎಂದು ದೂರಿದವರೇ ಪುರಾವೆ ಕೊಟ್ಟ ಮೇಲೆ ಅದು ಬೇಕಿರಲಿಲ್ಲ ಎಂದರು. ಆ ಹೆಂಗಸರ ಹೆಬ್ಬೆರಳುಗಳ ನೆನಪಾಗಿ ನನಗೆ ಅಳು ಬಂತು, ಮೇಜಿನ ಮುಂದೆ ವಾರಸಾಕ್ಕೆ ಬಂದ ಗಿರಾಕಿ ಇದ್ದರೂ ತಡೆಯಲಾಗಲಿಲ್ಲ.

ಅಂದು ರಾತ್ರಿ ಹೆಂಡತಿ ಫೋನು ಮಾಡಿದಳು. ತನ್ನ ವಾರ್ಡಿನ ಒಬ್ಬ ಹುಡುಗಿಯ ವಿಷಯ ಹೇಳಿದಳು. ಆ ಹುಡುಗಿಯೂ ನಮ್ಮ ದೇಶದವಳೇ, ನಮಗಿಂತ ದಕ್ಷಿಣದ ಕಡೆಯವಳು, ಸೋದರಮಾವನನ್ನೇ ಮಾಡಿಕೊಂಡವಳು. ಅದೇ ಪ್ರಶ್ನೆಗೆ ಇಲ್ಲ ಎಂದು ಗುರುತು ಹಾಕಿದ್ದಳಂತೆ. ಗಂಡ ಬಂದು ಎರಡು ವರ್ಷವಾಯಿತು, ಒಂದು ಗಂಡು ಕೂಸೂ ಆಗಿದೆ.

"ನೀನು ಹೇಳಿದಂಗ ಬರದೆ ನಾ, ಮಾಮಾ" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ.

ಹೀಗೆ ಅವಳು ಹೋಗಿ ಐದು ವರ್ಷವಾಯಿತು. ಐದು ವರ್ಷ ದುಡಿದವರು ಅಲ್ಲಿ ಕಾಯಂ ಉಳಿಯಲು ಅರ್ಜಿ ಹಾಕಬಹುದು. ಆ ಅರ್ಜಿಯಲ್ಲಿ ನೀವು ವಿವಾಹಿತರೇ ಎಂಬ ಕಾಲಂ ಇದೆ. ಅಲ್ಲಿನ ವಕೀಲರು ಅವಳಿಗೆ ತಣ್ಣಗೆ ತಿಳಿಸಿ ಹೇಳಿದರಂತೆ. ಈ ದೇಶದ ಲೆಕ್ಕಕ್ಕೆ ನಿನ್ನದು ಮದುವೆಯೇ ಅಲ್ಲ, ಅವಿವಾಹಿತೆ ಎಂದು ಬರೆ, ಬೇರೆ ದಾರಿ ಇಲ್ಲ. ಮಗಳನ್ನು ಕರೆಸಿಕೊಳ್ಳಲು ಒಂದು ದಾರಿ ಇದೆ. ಆದರೆ ತಂದೆ ಬದುಕಿದ್ದು, ಮಗುವನ್ನು ಅವನೇ ಸಾಕುತ್ತಿದ್ದರೆ ಆಗುವುದಿಲ್ಲ. ಹುಟ್ಟಿದಾಗಿನಿಂದ ಮಗುವಿನ ಹೊಣೆಯೆಲ್ಲ ತಾಯಿಯೊಬ್ಬಳದೇ ಎಂದು ತಂದೆ ಪ್ರಮಾಣ ಮಾಡಿ ಬರೆದುಕೊಡಬೇಕು.

ಅವಳು ನೌಕರಿಗೆ ರಾಜೀನಾಮೆ ಕೊಟ್ಟು ಬಂದುಬಿಡುತ್ತೇನೆ ಎಂದು ಹಟ ಹಿಡಿದಳು. ಹದಿನೈದು ವರ್ಷ ಬಾಳ್ವೆ ಮಾಡಿ ಲಗ್ನವೇ ಆಗಿಲ್ಲ ಎಂದು ಯಾವ ಕೈಯಿಂದ ಬರೆಯಲಿ ಎಂದು ಅತ್ತಳು. ನನಗೆ ಸಿಟ್ಟು ಬಂತು. ಅವಳ ಮೇಲಲ್ಲ, ಆದರೆ ಬಿದ್ದದ್ದು ಅವಳ ಮೇಲೆಯೇ. ಐದು ವರ್ಷ ನೀರಿಗೆ ಹಾಕುತ್ತೀಯೇನು, ಬಂದು ಮತ್ತೆ ಆ ದವಾಖಾನೆಯಲ್ಲಿ ಎರಡು ಪಾಳಿ ದುಡಿಯುತ್ತೀಯೇನು, ನಿನ್ನ ಮಗಳು ನಿನ್ನ ಮುಖ ನೋಡದೆ ಬೆಳೆಯುತ್ತಿದ್ದಾಳೆ, ನಾನೊಬ್ಬ ಹೊರಗುಳಿದರೆ ನೀವಿಬ್ಬರಾದರೂ ಒಂದಾಗುತ್ತೀರಿ ಎಂದು ಕೂಗಾಡಿದೆ. ಮಗಳು ಒಳಕೋಣೆಯಲ್ಲಿ ಅಭ್ಯಾಸ ಮಾಡುತ್ತಿದ್ದಳು. ಕೊನೆಗೆ ಹೆಂಡತಿ ಹೂಂ ಎಂದಳು. ಅವಿವಾಹಿತೆ ಎಂಬಲ್ಲಿ ಗುರುತು ಹಾಕಿದಾಗ ಫೋನು ಚಾಲೂ ಇಟ್ಟಿದ್ದಳು. ಹಾಕಿದೆ ಎಂದಳು. ಚಲೋ ಆತು ಎಂದೆ.

ಅಫಿಡವಿಟ್ಟಿನ ಕರಡು ಅಲ್ಲಿಂದ ಬಂತು, ಇಲ್ಲಿಯ ಬಾಂಡಿನ ಮೇಲೆ ಟೈಪು ಮಾಡಿ ನೋಟರಿ ಮಾಡಿಸಬೇಕಾಗಿತ್ತು. ಬೇರೆಯವರ ಹತ್ತಿರ ಹೋಗಲು ಮನಸ್ಸಾಗಲಿಲ್ಲ. ನನ್ನ ಮೇಜಿನ ಮುಂದೆ ಯಾರೂ ಇಲ್ಲದ ಹೊತ್ತು ನೋಡಿ ನಾನೇ ಕೂತೆ. ಮಗುವಿನ ಊಟ, ಅರಿವೆ, ವಿದ್ಯಾಭ್ಯಾಸ, ಆರೋಗ್ಯ ಈ ಯಾವ ವಿಷಯದಲ್ಲೂ ನಾನು ಪಾಲುಗೊಂಡಿಲ್ಲ, ಯಾವ ನಿರ್ಣಯವನ್ನೂ ತೆಗೆದುಕೊಂಡಿಲ್ಲ, ತಾಯಿ ಹೋದ ಮೇಲೆ ಮಗು ಅಜ್ಜಿಯ ಹತ್ತಿರ ಇದೆ, ಮಗುವಿಗೂ ನನಗೂ ನಿತ್ಯದ ಒಡನಾಟವಿಲ್ಲ ಎಂದಿತ್ತು ಕರಡು. ಒಂದೊಂದು ಸಾಲಿಗೂ ಕೈ ನಿಂತಿತು. ಅವಳ ಎರಡು ಜಡೆ ಹಾಕಲು ಕಲಿತವನು ನಾನು, ಬೈತಲೆಯ ಗೆರೆ ಸೊಟ್ಟಾದರೆ ಅವಳು ಸಾಲೆಗೆ ಹೋಗುತ್ತಿರಲಿಲ್ಲ. ಡೆಂಗಿ ಬಂದಾಗ ಎಂಟು ದಿನ ದವಾಖಾನೆಯ ಫರಸಿಯ ಮೇಲೆ ಮಲಗಿದವನು ನಾನು. ಹೋದ ವರ್ಷ ಅವಳು ದೊಡ್ಡವಳಾದ ದಿನ ಸಾಲೆಯಿಂದ ಫೋನು ಬಂದಾಗ ಗಿರಾಕಿಯನ್ನು ಹಾಗೇ ಬಿಟ್ಟು ಮೆಡಿಕಲ್ ಅಂಗಡಿಗೆ ಓಡಿ, ಅಲ್ಲಿನ ಹೆಣ್ಣುಮಗಳಿಗೆ ಏನು ಕೇಳಬೇಕೆಂದು ತಿಳಿಯದೆ ನಿಂತು, ಆಮೇಲೆ ಮೂಡಲಗಿಗೆ ಫೋನು ಹಚ್ಚಿ ಅಕ್ಕನನ್ನು ಕರೆಸಿದವನು ನಾನು. ಆ ಎಲ್ಲದರ ಮೇಲೆ ಗೆರೆ ಎಳೆದು ಟೈಪು ಮಾಡಿದೆ. ಮೇಲೆ ಹೇಳಿದ್ದೆಲ್ಲ ನನಗೆ ತಿಳಿದಮಟ್ಟಿಗೆ ಸತ್ಯ ಎಂಬ ಕೊನೆಯ ಸಾಲು ಯಾವಾಗಲೂ ಬೆರಳಿಗೆ ತಾನಾಗಿ ಬರುತ್ತಿತ್ತು. ಅಂದು ಅದರಲ್ಲಿ ಮೂರು ತಪ್ಪು ಬಿದ್ದವು.

ನೋಟರಿ ವಕೀಲರು ನನ್ನ ಕಾಗದವನ್ನು ಯಾವತ್ತೂ ಓದಿದವರಲ್ಲ, ತಿರುವಿ ಸಹಿ ಹಾಕುತ್ತಿದ್ದರು. ಅಂದು ಮೊದಲ ಸಾಲಿನಿಂದ ಓದಿದರು. ಓದಿ ಮುಗಿಸಿ ಪೆನ್ನಿನ ಮುಚ್ಚಳ ತೆಗೆದರು.

"ನಾ ಇದನ್ನ ಓದಿಲ್ಲ, ರೈಟರ್ ಸಾಹೇಬ್ರ" ಎಂದು ಸಹಿ ಹಾಕಿದರು.

ಖರೆ ಬರೆದು ಕಳಿಸಿದ್ದಕ್ಕೆ ಉತ್ತರ ಬರಲು ತಿಂಗಳುಗಟ್ಟಲೆ ಹಿಡಿದಿತ್ತು. ಈ ಸುಳ್ಳಿಗೆ ಮೂರು ವಾರದಲ್ಲಿ ಒಪ್ಪಿಗೆ ಬಂತು. ಹನ್ನೆರಡು ದಿನ ಬಿಟ್ಟು ವಿಮಾನವೆಂದು ಹೆಂಡತಿ ಟಿಕೆಟ್ ತೆಗೆಸಿದಳು, ಬೆಂಗಳೂರಿನಿಂದ ಅವಳ ಗೆಳತಿಯೊಬ್ಬಳ ಜೊತೆ ಮಗಳು ಹೋಗುವುದೆಂದು ಗೊತ್ತಾಯಿತು. ನಾನು ಮಗಳಿಗೆ ಹೊಸ ಸ್ವೆಟರ್, ಬೂಟು, ದೊಡ್ಡ ಚೀಲ ಕೊಡಿಸಿದೆ. ಓಣಿಯವರೆಲ್ಲ ಬಂದು ಅವಳ ಗಲ್ಲ ಸವರಿ ನಸೀಬು ತೆರೆಯಿತು ಎಂದು ಹೋದರು. ನಾನೂ ಎಲ್ಲರ ಮುಂದೆ ಹಲ್ಲು ಕಿರಿದು ನಿಂತೆ.

ಒಂದು ಬೆಳಿಗ್ಗೆ ನಾನು ಹಾಲು ತಂದು ಒಳಗೆ ಬಂದಾಗ ಮಗಳು ತನ್ನ ಕಾಗದದ ಫೈಲು ಬಿಚ್ಚಿಕೊಂಡು ಕೂತಿದ್ದಳು. ಇಂಗ್ಲಿಷ್ ಸಾಲೆಯಲ್ಲಿ ಓದುವವಳು, ಒಪ್ಪಿಗೆಯ ಪತ್ರವನ್ನು ತಾನೇ ಓದಿದ್ದಳು. ಅದರಲ್ಲೊಂದು ಕಡೆ ಬೆರಳಿಟ್ಟು ನನಗೆ ಕೇಳುವ ಹಾಗೆ ಕನ್ನಡದಲ್ಲಿ ಹೇಳಿದಳು. ಈ ಮಗುವನ್ನು ಬೆಳೆಸಿದ್ದರಲ್ಲಿ ತಂದೆಯ ಪಾಲು ಏನೂ ಇಲ್ಲ ಎಂಬುದು ನಮಗೆ ಖಾತ್ರಿಯಾಗಿದೆ ಎಂದು ಅವರು ಬರೆದಿದ್ದರು.

"ಇದನ್ನ ಅವರಿಗೆ ಯಾರ್ ಹೇಳಿದ್ರು?" ಎಂದಳು.

ಹಾಲನ್ನು ಕೆಳಗಿಟ್ಟು, ನಾನೇ ಎಂದೆ.

"ಯಾಕ?"

ನಿನ್ನನ್ನು ಅವ್ವನ ಹತ್ತಿರ ಕಳಿಸಬೇಕಾದರೆ ಹಾಗೆ ಬರೆಯಲೇಬೇಕಿತ್ತು, ಬರೆಯದಿದ್ದರೆ ಅವರು ಬಿಡುತ್ತಿರಲಿಲ್ಲ, ಅದು ಬರೀ ಕಾಗದ ಎಂದು ನಾನು ವಿವರಿಸತೊಡಗಿದೆ. ಅಲ್ಲಿಯ ಸಾಲೆ ಚಲೋ ಇರುತ್ತದೆ, ಅವ್ವ ಹಾದಿ ಕಾಯುತ್ತಿದ್ದಾಳೆ, ನೀನೇ ಚಿಕ್ಕವಳಿದ್ದಾಗ ಕ್ಯಾಲೆಂಡರಿನಲ್ಲಿ ಗೆರೆ ಹಾಕುತ್ತಿದ್ದೆಯಲ್ಲ ಎಂದೆ. ಅವಳು ನನ್ನ ಮಾತು ಮುಗಿಯುವ ತನಕ ಕಾಯ್ದಳು. ಹದಿಮೂರು ವರ್ಷದ ಹುಡುಗಿ, ಕಣ್ಣಲ್ಲಿ ಒಂದು ಹನಿ ನೀರಿಲ್ಲ.

"ನನ್ನ ಕೇಳಿದೇನ ನೀ, ಹೋಗತೀಯೇನು ಅಂತ?"

ಕೇಳಿರಲಿಲ್ಲ. ನಾನು ಕೇಳಿರಲಿಲ್ಲ, ಅವಳ ಅವ್ವ ಕೇಳಿರಲಿಲ್ಲ, ಇಬ್ಬರೂ ವಕೀಲರು ಕೇಳಿರಲಿಲ್ಲ. ಐದು ವರ್ಷ ನಾವು ಅವಳಿಗಾಗಿ ಎಂದುಕೊಂಡು ಬರೆದ ಯಾವ ಕಾಗದಕ್ಕೂ ಅವಳನ್ನು ಒಂದು ಮಾತು ಕೇಳಿರಲಿಲ್ಲ. ಈಗ ಕೇಳಲೇ ಎಂದು ಬಾಯಿ ತೆರೆದೆ, ಕೇಳಿ ಅವಳು ಒಲ್ಲೆ ಎಂದರೆ ಏನು ಮಾಡಲಿ ಎಂದು ಹೆದರಿ ಮುಚ್ಚಿಕೊಂಡೆ. ಅವಳು ಪತ್ರವನ್ನು ಮಡಚಿ ಫೈಲಿನಲ್ಲಿಟ್ಟು ದಾರ ಕಟ್ಟಿದಳು. ಅಂದಿನಿಂದ ತನ್ನ ಜಡೆ ತಾನೇ ಹಾಕಿಕೊಂಡಳು, ಊಟ ತಾನೇ ಬಡಿಸಿಕೊಂಡಳು, ಚೀಲ ತಾನೇ ತುಂಬಿಕೊಂಡಳು. ಬೆಂಗಳೂರಿನ ಬಸ್ಸು ಹತ್ತುವ ತನಕ ನನ್ನನ್ನು ಯಾವ ಕೆಲಸಕ್ಕೂ ಕರೆಯಲಿಲ್ಲ.